ಸಣ್ಣ ತಿದಿಯೋ, ದೊಡ್ಡ ತಿದಿಯೋ?

ಕಳೆದ ವರ್ಷದ ಬೇಸಗೆಯಲ್ಲಿ ನಾನೂ ನನ್ನ ತಂಗಿಯೂ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಅವಳ ಮಗನ ಮನೆಯಲ್ಲಿ ಒಂದು ತಿಂಗಳು ಇದ್ದೆವು. ನನ್ನ ಈ ಸೋದರಳಿಯ ಅಲ್ಲಿ ಕೆಲಸದಲ್ಲಿದ್ದು, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಎಂಬ ಕಾರೊಂದನ್ನು ಇಟ್ಟುಕೊಂಡಿದ್ದಾನೆ. ನೋಡುವುದಕ್ಕೆ ಸಾಧು ಸಂಸಾರಿಯ ಕಾರು. ಕಾಲೊತ್ತಿದರೆ ಮಾತ್ರ ಅದರ ಸ್ವಭಾವವೇ ಬೇರೆ. ಒಂದು ರಾತ್ರಿ ಊಟವಾದ ಮೇಲೆ ಅವನು ಮೂರು ಕಾಗದಗಳನ್ನು ಮೇಜಿನ ಮೇಲೆ ಹರಡಿ, "ಮಾವ, ಎಂಜಿನ್ನಿಗೆ ಬೇರೆ ಟರ್ಬೋ ಹಾಕಿಸಬೇಕು ಅಂತಿದ್ದೇನೆ. ಮೂರರಲ್ಲಿ ಯಾವುದು ಅಂತ ತೀರ್ಮಾನವೇ ಆಗುತ್ತಿಲ್ಲ. ನೀವೇ ಹೇಳಿ" ಎಂದ.

ಮೂವತ್ತಕ್ಕೂ ಹೆಚ್ಚು ವರ್ಷ ಪಂಪ ರನ್ನರ ಪಾಠ ಹೇಳಿ ನಿವೃತ್ತನಾದವನನ್ನು ಟರ್ಬೋಚಾರ್ಜರಿನ ವಿಷಯದಲ್ಲಿ ಸಲಹೆ ಕೇಳುವುದೆಂದರೆ, ಕುರುಡನನ್ನು ಬಣ್ಣ ಕೇಳಿದ ಹಾಗೆ. ಆದರೆ ಹುಡುಗ ತಮಾಷೆ ಮಾಡುತ್ತಿರಲಿಲ್ಲ. ಎರಡು ತಿಂಗಳ ಸಂಬಳದಷ್ಟು ಹಣದ ಮಾತು ಅದು. ತಪ್ಪಿದರೆ ಎಂಜಿನ್ನೇ ಹಾಳಾಗಬಹುದಾದ ಮಾತು. ನಾನೆಂದೆ: "ಯಂತ್ರ ನನಗೆ ತಿಳಿಯದಪ್ಪ. ಯಾವ ಪದಾರ್ಥವಾದರೂ ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಯಾವ ಅಗತ್ಯಕ್ಕಾಗಿ ಬೆಳೆಯಿತು ಎಂದು ವಿಚಾರಿಸುವುದಷ್ಟೇ ನನಗೆ ಗೊತ್ತು. ಅದನ್ನು ಬೇಕಾದರೆ ಮಾಡುತ್ತೇನೆ." ಹಾಗೆ ವಿಚಾರಿಸುತ್ತ ಹೋದಾಗ ನನಗೆ ದೊರೆತ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಟರ್ಬೋ ಎಂದರೇನೆಂಬುದನ್ನು ಹೇಳಿಬಿಡಬೇಕು. ಎಂಜಿನ್ನಿನ ಬಲವೆಲ್ಲ ಇರುವುದು ಅದರ ಉಸಿರಿನಲ್ಲಿ. ಪೆಟ್ರೋಲನ್ನು ಎಷ್ಟು ಬೇಕಾದರೂ ಒಳಗೆ ಸುರಿಯಬಹುದು. ಉರಿಸುವುದಕ್ಕೆ ತಕ್ಕಷ್ಟು ಗಾಳಿ ಇಲ್ಲದಿದ್ದರೆ ಅದು ಬಲವಾಗದೆ ಕರಿಹೊಗೆಯಾಗಿ ಹೊರಟುಹೋಗುತ್ತದೆ. ಈ ತತ್ತ್ವ ನಮ್ಮ ಹಳ್ಳಿಗಳ ಕಮ್ಮಾರನಿಗೆ ಚೆನ್ನಾಗಿ ಗೊತ್ತು. ಇದ್ದಿಲು ಎಷ್ಟೇ ಇರಲಿ, ತಿದಿ ಒತ್ತದೆ ಕಬ್ಬಿಣ ಕೆಂಪಾಗುವುದಿಲ್ಲ. ಆದರೆ ಕಮ್ಮಾರನ ತಿದಿ ಒತ್ತುವುದಕ್ಕೆ ಒಬ್ಬ ಹುಡುಗ ಬೇಕು. ಅವನಿಗೂ ಅನ್ನ ಹಾಕಬೇಕು. ಟರ್ಬೋಚಾರ್ಜರಿನ ಚಮತ್ಕಾರವೆಂದರೆ ಅಲ್ಲಿ ಹುಡುಗನಿಲ್ಲ. ಕುಲುಮೆಯ ಹೊಗೆಯೇ ತಿದಿಯನ್ನು ಒತ್ತುತ್ತದೆ. ಎಂಜಿನ್ನಿನಲ್ಲಿ ಸುಟ್ಟ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಬಿಸಿಹೊಗೆಯಾಗಿ ಹಿಂದಿನ ಕೊಳವೆಯಿಂದ ಹೊರಬಿದ್ದು ಗಾಳಿಪಾಲಾಗುತ್ತದೆ. ಆ ಹೊಗೆಯ ದಾರಿಯಲ್ಲಿ ಅಂಗೈಯೊಳಗೆ ಹಿಡಿಯಬಹುದಾದಷ್ಟು ಚಿಕ್ಕ ಚಕ್ರವೊಂದನ್ನು ಇಟ್ಟರೆ ಹೊಗೆ ಅದನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಮತ್ತೊಂದು ಚಕ್ರ ಹೊರಗಿನ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನ್ನಿನ ಬಾಯಿಗೆ ತುರುಕುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತವೆ.

ಕೇಳುವುದಕ್ಕೆ ಪುಕ್ಕಟೆ ಭೋಜನದಂತಿದೆ. ಆದರೆ ಒಂದು ತೊಡಕುಂಟು. ತಿದಿ ತಿರುಗಬೇಕಾದರೆ ಹೊಗೆ ಬೇಕು. ಹೊಗೆ ಬರಬೇಕಾದರೆ ಬೆಂಕಿ ಜೋರಾಗಿ ಉರಿಯಬೇಕು. ಬೆಂಕಿ ಜೋರಾಗಿ ಉರಿಯಬೇಕಾದರೆ ತಿದಿ ತಿರುಗಬೇಕು. ಹೀಗೆ ಒಂದನ್ನೊಂದು ಕಾಯುತ್ತ ಒಂದು ಗಳಿಗೆ ಕಳೆದುಹೋಗುತ್ತದೆ. ಇದನ್ನು ಬಲ್ಲವರು ಟರ್ಬೋ ಲ್ಯಾಗ್ ಎನ್ನುತ್ತಾರೆ. ನಾನು ಸುಮ್ಮನೆ 'ತಡ' ಎನ್ನುತ್ತೇನೆ. ಚಕ್ರ ದೊಡ್ಡದಾದಷ್ಟೂ ಕೊನೆಗೆ ಸಿಗುವ ಬಲ ಹೆಚ್ಚು, ಅದು ಬರುವ ತಡವೂ ಹೆಚ್ಚು. ಚಕ್ರ ಚಿಕ್ಕದಾದಷ್ಟೂ ಬಲ ಬೇಗ ಬರುತ್ತದೆ, ಆದರೆ ಬೇಗನೆ ಮುಗಿದೂ ಹೋಗುತ್ತದೆ. ನನ್ನ ಸೋದರಳಿಯನ ಮೂರು ಕಾಗದಗಳಲ್ಲಿ ಇದ್ದುದು ಇದೇ ಪ್ರಶ್ನೆ.

ಈ ತಡವೆಂಬುದನ್ನು ನಾನು ಮೈಯಲ್ಲಿ ಅನುಭವಿಸಿದ್ದು ಅದೇ ವಾರದ ಭಾನುವಾರ. ಹುಡುಗನ ಗೆಳೆಯನೊಬ್ಬ ತನ್ನ ಕಾರಿಗೆ ಬಹಳ ದೊಡ್ಡ ಟರ್ಬೋ ಹಾಕಿಸಿದ್ದ. ಅದನ್ನು ಒಂದು ದಿನದ ಮಟ್ಟಿಗೆ ಎರವಲು ತಂದು, ನಮ್ಮನ್ನು ಕೂರಿಸಿಕೊಂಡು ಕಪ್ಪುಕಾಡು ಎಂದು ಹೆಸರಾದ ಬೆಟ್ಟದ ಸೀಮೆಗೆ ಕರೆದುಕೊಂಡು ಹೋದ. ಎರಡೇ ಸಾಲಿನ ರಸ್ತೆ, ಎರಡೂ ಕಡೆ ದಟ್ಟವಾದ ಪೈನ್ ಮರಗಳು. ಮುಂದೆ ಮರದ ದಿಮ್ಮಿ ಹೇರಿದ ಲಾರಿ. ದಾರಿ ನೇರವಾದದ್ದನ್ನು ಕಂಡು ಹುಡುಗ ಎಡಕ್ಕೆ ತಿರುಗಿಸಿ—ಅಲ್ಲಿ ಹಾದುಹೋಗುವುದು ಎಡಗಡೆಯಿಂದ—ಕಾಲೊತ್ತಿದ. ಏನೂ ಆಗಲಿಲ್ಲ. ಕಾರು ಸದ್ದು ಮಾಡಿತೇ ಹೊರತು ಮುಂದೆ ಜಿಗಿಯಲಿಲ್ಲ. ಲಾರಿಯ ಪಕ್ಕದಲ್ಲಿಯೇ ನಾವಿದ್ದೆವು. ದೂರದ ತಿರುವಿನಲ್ಲಿ ಎದುರಿನಿಂದ ಒಂದು ಕಾರು ಕಾಣಿಸಿಕೊಂಡಿತು. ಆಮೇಲೆ, ಯಾರೋ ಹಿಂದಿನಿಂದ ಒದ್ದಂತೆ, ಬೇಡವೆನ್ನಿಸುವಷ್ಟು ಬಲ ಒಮ್ಮೆಗೇ ಬಂತು. ದಾಟಿದೆವು. ಎದುರಿನವನು ಇನ್ನೂ ಸಾಕಷ್ಟು ದೂರದಲ್ಲಿಯೇ ಇದ್ದ, ಅಪಾಯವೇನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ನನ್ನ ತಂಗಿ ಊರು ಮುಟ್ಟುವವರೆಗೆ ಒಂದು ಮಾತೂ ಆಡಲಿಲ್ಲ. ಆ ಗಳಿಗೆ ಗಡಿಯಾರದಲ್ಲಿ ಎಷ್ಟಿತ್ತೋ. ಒಂದೂವರೆ ಸೆಕೆಂಡೋ ಎರಡೋ ಇರಬೇಕು. ನಾನು ಆ ಅವಧಿಯಲ್ಲಿ ಮನೆದೇವರನ್ನು ನೆನೆದು ಮುಗಿಸಿದ್ದೆ.

ಮುಂದಿನ ವಾರ ಸ್ವಿಟ್ಜರ್ಲೆಂಡಿಗೆ ಹೋಗುವಾಗ ದಾರಿಯಲ್ಲಿ ವಿಂಟರ್‌ಟೂರ್ ಎಂಬ ಊರು ಸಿಕ್ಕಿತು. "ಮಾವ, ನೀವು ವಿಚಾರಿಸುತ್ತಿದ್ದ ವಸ್ತುವಿನ ತವರು ಇದೇ" ಎಂದ ಹುಡುಗ. ಆಲ್ಫ್ರೆಡ್ ಬ್ಯೂಖಿ ಎಂಬಾತ ೧೮೭೯ರಲ್ಲಿ ಇಲ್ಲಿ ಹುಟ್ಟಿದ. ಜೂರಿಕ್ಕಿನ ತಾಂತ್ರಿಕ ವಿದ್ಯಾಲಯದಲ್ಲಿ ಓದಿದ. ೧೯೦೫ನೆಯ ಇಸವಿ ನವೆಂಬರಿನಲ್ಲಿ, ಇನ್ನೂ ಇಪ್ಪತ್ತಾರು ವರ್ಷದ ತರುಣನಾಗಿದ್ದಾಗ, ಹೊಗೆಯ ಬಲದಿಂದ ಗಾಳಿಯನ್ನು ಒತ್ತುವ ಈ ಕಲ್ಪನೆಗೆ ಪೇಟೆಂಟ್ ಪಡೆದ. ಪೇಟೆಂಟ್ ಪಡೆದುದು ಸುಲಭ. ಕಲ್ಪನೆ ಕೈಗೂಡಿದ್ದು ಇಪ್ಪತ್ತು ವರ್ಷಗಳ ಮೇಲೆ. ಕೆಂಪಗೆ ಕಾದ ಹೊಗೆಯಲ್ಲಿ ಅಷ್ಟು ವೇಗದಿಂದ ತಿರುಗಿಯೂ ಕರಗದ, ಸೀಳದ ಲೋಹ ಆ ಕಾಲದಲ್ಲಿ ಇರಲಿಲ್ಲ. ವಿಂಟರ್‌ಟೂರಿನ ಸುಲ್ಜರ್ ಕಾರ್ಖಾನೆಯಲ್ಲಿ ಸೇರಿ ಆತ ೧೯೧೫ರಲ್ಲಿ ಮಾಡಿದ ಮೊದಲ ಮಾದರಿ ಸೋತಿತು. ಕೊನೆಗೆ ಫಲ ಕಂಡದ್ದು ಹಡಗುಗಳಲ್ಲಿ. ೧೯೨೬ರಲ್ಲಿ ಓಡಾಟ ಆರಂಭಿಸಿದ 'ಪ್ರಾಯ್ಸೆನ್' ಮತ್ತು 'ಹಾನ್ಸೆಷ್ಟಾಟ್ ಡಾನ್ಸಿಗ್' ಎಂಬ ಎರಡು ಜರ್ಮನ್ ಹಡಗುಗಳ ಡೀಸೆಲ್ ಎಂಜಿನ್ನುಗಳ ಬಲ, ಬ್ಯೂಖಿಯ ತಿದಿಯಿಂದ ೧,೭೫೦ ಅಶ್ವಶಕ್ತಿಯಿಂದ ೨,೫೦೦ಕ್ಕೆ ಏರಿತು. ಎಂಜಿನ್ನು ಅದೇ, ಗಾತ್ರ ಅದೇ. ಉಸಿರು ಮಾತ್ರ ಹೆಚ್ಚಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಡಗಿಗೆ ತಡವೆಂಬುದು ಒಂದು ತೊಂದರೆಯೇ ಅಲ್ಲ. ಬಂದರು ಬಿಟ್ಟ ಮೇಲೆ ಎಂಜಿನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುತ್ತದೆ. ತಿದಿ ಎಚ್ಚರಗೊಳ್ಳುವುದಕ್ಕೆ ಅರ್ಧ ನಿಮಿಷ ತೆಗೆದುಕೊಂಡರೂ ಕೇಳುವವರಿಲ್ಲ. ಆದುದರಿಂದ ಈ ಯಂತ್ರ ತನ್ನ ಬಾಲ್ಯದಲ್ಲಿ ತಡದ ಶಿಕ್ಷೆಯನ್ನು ಅನುಭವಿಸಲೇ ಇಲ್ಲ.

ಅದರ ಯೌವನವೂ ಹಾಗೆಯೇ ಕಳೆಯಿತು, ಆಕಾಶದಲ್ಲಿ. ಮೊದಲನೆಯ ಮಹಾಯುದ್ಧದ ಕಾಲ. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ನು ಸೊರಗುತ್ತದೆ. ಬೆಂಗಳೂರಿನ ಮೂರು ಸಾವಿರ ಅಡಿ ಎತ್ತರದಲ್ಲಿಯೇ ವಾಯುಭಾರ ಕಡಲತೀರಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಮೆ. ಹದಿನೈದು ಇಪ್ಪತ್ತು ಸಾವಿರ ಅಡಿಯ ಮೇಲೆ ಕೇಳಬೇಕೆ? ಫ್ರಾನ್ಸಿನಲ್ಲಿ ಓಗುಸ್ತ್ ರಾತೋ ಎಂಬಾತ ಇದಕ್ಕೆ ಹೊಗೆಚಕ್ರದ ಉಪಾಯವನ್ನೇ ಹೂಡಿದ. ಅಮೆರಿಕದಲ್ಲಿ ಆ ಕೆಲಸ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಸ್ಯಾನ್‌ಫರ್ಡ್ ಮಾಸ್ ಎಂಬಾತನ ಪಾಲಿಗೆ ಬಂತು. ಅದು ಬಂದ ರೀತಿ ಅಧ್ಯಾಪಕನಾದ ನನಗೆ ಬಹಳ ಪ್ರಿಯವಾಯಿತು. ಮಾಸ್ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೦೩ರಲ್ಲಿ ಅನಿಲಚಕ್ರಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದಿದ್ದ. ಆಗ ಅಲ್ಲಿ ಪ್ರಾಧ್ಯಾಪಕನಾಗಿದ್ದ ವಿಲಿಯಂ ಡ್ಯುರಾಂಡ್, ಮುಂದೆ ಹದಿನಾಲ್ಕು ವರ್ಷಗಳ ಮೇಲೆ ಅಮೆರಿಕದ ವಿಮಾನಶಾಸ್ತ್ರ ಸಲಹಾ ಸಮಿತಿಯ ಅಧ್ಯಕ್ಷನಾದಾಗ, ಆ ಹಳೆಯ ವಿದ್ಯಾರ್ಥಿಯ ಪ್ರಬಂಧವನ್ನು ನೆನಪಿಟ್ಟುಕೊಂಡು ಹೇಳಿಕಳುಹಿಸಿದ. ನಾನು ಮೌಲ್ಯಮಾಪನ ಮಾಡಿದ ಪ್ರಬಂಧಗಳಲ್ಲಿ ಎಷ್ಟು ನನ್ನ ನೆನಪಿನಲ್ಲಿವೆಯೆಂದು ಲೆಕ್ಕ ಹಾಕಿ ನೋಡಿದೆ. ಆ ಲೆಕ್ಕವನ್ನು ಇಲ್ಲಿ ಹೇಳುವುದಿಲ್ಲ.

ಮಾಸ್ ಏನು ಮಾಡಿದನೆಂದರೆ, ಲಿಬರ್ಟಿ ಎಂಬ ಹನ್ನೆರಡು ಸಿಲಿಂಡರಿನ ವಿಮಾನದ ಎಂಜಿನ್ನನ್ನು ಲಾರಿಯೊಂದರ ಮೇಲೆ ಹೇರಿಸಿ, ೧೯೧೮ರಲ್ಲಿ ಕೊಲರಾಡೋದ ಪೈಕ್ಸ್ ಪೀಕ್ ಎಂಬ ಶಿಖರಕ್ಕೆ ಹತ್ತಿಸಿದ. ಎತ್ತರ ಹದಿನಾಲ್ಕು ಸಾವಿರ ಅಡಿಗೂ ಮಿಕ್ಕಿ. ಅಲ್ಲಿನ ವಾಯುಭಾರ ಕಡಲತೀರದ ಹತ್ತರಲ್ಲಿ ಆರು ಪಾಲು. ಸಮುದ್ರಮಟ್ಟದಲ್ಲಿ ೩೫೦ ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಅಲ್ಲಿ ೨೩೦ಕ್ಕೆ ಇಳಿಯಿತು. ಟರ್ಬೋ ಜೋಡಿಸಿದ ಮೇಲೆ ೩೫೬ಕ್ಕೆ ಏರಿತು. ಶಿಖರದ ಮೇಲೆ ನಿಂತು ಕಡಲತೀರದ ಗಾಳಿಯನ್ನು ಉಸಿರಾಡಿದಂತಾಯಿತು. ೧೯೨೦ರ ಫೆಬ್ರವರಿಯಲ್ಲಿ ರುಡಾಲ್ಫ್ ಶ್ರೋಡರ್ ಎಂಬ ಸೇನಾಧಿಕಾರಿ ಇಂಥ ತಿದಿ ಹೂಡಿದ ವಿಮಾನದಲ್ಲಿ ೩೩,೦೦೦ ಅಡಿಗೂ ಮೇಲಕ್ಕೆ ಏರಿದ. ಎಂಜಿನ್ನಿಗೆ ಉಸಿರು ಸಿಕ್ಕಿತು. ಅವನ ಆಮ್ಲಜನಕ ಮಾತ್ರ ಕೈಕೊಟ್ಟಿತು. ಪ್ರಜ್ಞೆ ತಪ್ಪಿ ವಿಮಾನದೊಡನೆ ಮೈಲಿಗಟ್ಟಲೆ ಕೆಳಕ್ಕೆ ಬಿದ್ದು, ನೆಲ ಸಮೀಪಿಸುವಾಗ ಎಚ್ಚೆತ್ತು, ಚಳಿಗೆ ಕಣ್ಣು ಹೆಪ್ಪುಗಟ್ಟಿದ್ದರೂ ಹೇಗೋ ಇಳಿಸಿದ. ಯಂತ್ರಕ್ಕೆ ಉಸಿರು ಕೊಟ್ಟವರು ಮನುಷ್ಯನಿಗೂ ಕೊಡಬೇಕಾದ್ದನ್ನು ಆಮೇಲೆ ಕಲಿತರು.

ಈ ವಿಮಾನದ ಟರ್ಬೋಗಳಿಗೂ ನಮ್ಮ ಬೆಂಗಳೂರಿಗೂ ಒಂದು ನಂಟುಂಟು ಎಂಬುದು ಬಹಳ ಜನಕ್ಕೆ ತಿಳಿಯದು. ಎರಡನೆಯ ಮಹಾಯುದ್ಧದ ಬಿ-೨೪ ಲಿಬರೇಟರ್ ಎಂಬ ಬಾಂಬರ್ ವಿಮಾನದ ನಾಲ್ಕು ಎಂಜಿನ್ನುಗಳಿಗೂ ಮಾಸ್‌ನ ಸಂತತಿಯ ಟರ್ಬೋಗಳಿದ್ದವು. ಅವುಗಳಿಗೆ ಬೇಕಾದ ಗಾಳಿಯ ಕೊಳವೆಗಳಿಗೆ ಎಡೆಮಾಡಿದ್ದರಿಂದಲೇ ಎಂಜಿನ್ನಿನ ಹೊದಿಕೆ ಗುಂಡಾಗಿರದೆ ಮೊಟ್ಟೆಯಾಕಾರವಾಗಿತ್ತು. ಯುದ್ಧ ಮುಗಿದಾಗ ಇಂಥ ಹತ್ತಾರು ವಿಮಾನಗಳನ್ನು ಕಾನ್ಪುರದಲ್ಲಿ, ಮತ್ತೆ ಯಾರೂ ಬಳಸದಂತೆ ಕೆಡಿಸಿ ಬಿಡಲಾಗಿತ್ತು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರಕಾರದ ನೆರವಿನಿಂದಲೂ ಹುಟ್ಟಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಅವಶೇಷಗಳನ್ನು ಹಾರುವಷ್ಟರ ಮಟ್ಟಿಗೆ ಕೂಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಇಲ್ಲಿ ಹೊಸದಾಗಿಸಿದರು. ೧೯೪೮ರ ನವೆಂಬರಿನಲ್ಲಿ ಅವುಗಳಿಂದ ಭಾರತೀಯ ವಾಯುಪಡೆಯ ಐದನೆಯ ಸ್ಕ್ವಾಡ್ರನ್ ಕಟ್ಟಲಾಯಿತು. ಆ ಜಾತಿಯ ವಿಮಾನಗಳು ೧೯೬೮ರವರೆಗೆ ಸೇವೆಯಲ್ಲಿದ್ದವು. ಬೇರೆಯವರು ಕೆಡಿಸಿ ಬಿಸುಟದ್ದನ್ನು ದುರಸ್ತಿ ಮಾಡಿ ಇಪ್ಪತ್ತು ವರ್ಷ ದುಡಿಸಿಕೊಂಡ ನಮ್ಮ ಕುಶಲಕರ್ಮಿಗಳ ಹೆಸರುಗಳು ಯಾವ ಪುಸ್ತಕದಲ್ಲಿ ದಾಖಲಾಗಿವೆಯೋ, ನನ್ನ ಕಣ್ಣಿಗೆ ಬಿದ್ದಿಲ್ಲ.

ವಿಮಾನಕ್ಕೂ ಹಡಗಿನಂತೆಯೇ ತಡದ ಬಾಧೆ ಅಷ್ಟಾಗಿ ತಟ್ಟದು. ಕಾರಿನ ಗತಿಯೇ ಬೇರೆ. ನಿಲ್ಲುವುದು, ಹೊರಡುವುದು, ತಿರುವಿನಲ್ಲಿ ಕಾಲು ತೆಗೆಯುವುದು, ಮತ್ತೆ ಒತ್ತುವುದು. ಕಾರಿನ ಬದುಕೆಲ್ಲ ಈ ಏರಿಳಿತದಲ್ಲಿಯೇ ಕಳೆಯುತ್ತದೆ. ಒಂದೇ ಸಮನೆ ದುಡಿಯುವುದಕ್ಕಾಗಿ ಹುಟ್ಟಿದ ಯಂತ್ರವನ್ನು ಇಂಥ ಚಂಚಲ ಸ್ವಭಾವದ ಮನೆಗೆ ತಂದಾಗ ಸಂಸಾರ ಸುಲಭವಾಗಿ ಹೊಂದಿಕೊಳ್ಳಲಿಲ್ಲ.

ಮೊದಲ ಸಂಬಂಧ ಕೂಡಿದ್ದು ೧೯೬೨ರಲ್ಲಿ, ಅಮೆರಿಕದಲ್ಲಿ. ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಕಾರು. ೨೧೫ ಘನ ಅಂಗುಲದ ಎಂಜಿನ್ನು, ೨೧೫ ಅಶ್ವಶಕ್ತಿ. ಅಂಗುಲಕ್ಕೊಂದು ಕುದುರೆ ಎಂಬ ಲೆಕ್ಕ ಜಾಹೀರಾತಿಗೆ ಬಹಳ ಸೊಗಸಾಗಿತ್ತು. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಗಾಳಿಯಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿದು ಎಂಜಿನ್ನನ್ನು ಒಡೆಯುತ್ತದೆ. ಇದನ್ನು ತಡೆಯಲು ಭಟ್ಟಿಯಿಳಿಸಿದ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವೊಂದನ್ನು ಬೇರೆಯ ಬುಡ್ಡಿಯಲ್ಲಿ ತುಂಬಬೇಕಾಗಿತ್ತು. ಮಾಲೀಕರು ತುಂಬಲು ಮರೆತರು. ಬುಡ್ಡಿ ಬರಿದಾದರೆ ಎಂಜಿನ್ನು ತನ್ನನ್ನು ಕಾಪಾಡಿಕೊಳ್ಳಲು ತಿದಿಯ ಒತ್ತಡವನ್ನು ತಗ್ಗಿಸಿಕೊಳ್ಳುತ್ತಿತ್ತು. ಆಗ ಅವರು ಕಾರಿಗೆ ಬಲವಿಲ್ಲವೆಂದು ದೂರಿದರು. ಎರಡು ವರ್ಷದಲ್ಲಿ ಹತ್ತು ಸಾವಿರದೊಳಗೆ ಮಾರಾಟವಾಗಿ ಅದು ನಿಂತುಹೋಯಿತು. ಅನೇಕರು ಟರ್ಬೋವನ್ನೇ ಬಿಚ್ಚಿಸಿ ಸಾಧಾರಣ ಎಂಜಿನ್ನಿಗೆ ಮರಳಿದರು. ಯಂತ್ರ ಕೆಟ್ಟದಾಗಿರಲಿಲ್ಲ, ದಿನಬಳಕೆಯವನ ಮರೆವನ್ನು ಯಂತ್ರ ಮಾಡಿದವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಟರ್ಬೋ ಆರಿಸುವವರು ಈಗಲೂ ಮಾಡುವ ತಪ್ಪಿದು. ಚಕ್ರದ ಬೆಲೆ ಕೇಳುತ್ತಾರೆ. ಅದರ ಜೊತೆಗೆ ಬೇಕಾಗುವ ತಣಿಸುವಿಕೆ, ಎಣ್ಣೆ, ಇಂಧನಗಳನ್ನು ಕೇಳುವುದಿಲ್ಲ.

ಯೂರೋಪಿನಲ್ಲಿ ಬಿಎಂಡಬ್ಲ್ಯು ಕಂಪೆನಿ ೧೯೭೩ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ೨೦೦೨ ಟರ್ಬೋ ಎಂಬ ೧೭೦ ಅಶ್ವಶಕ್ತಿಯ ಪುಟ್ಟ ಕಾರನ್ನು ಇಟ್ಟಿತು. ಮುಂದೆ ಹೋಗುವವನ ಕನ್ನಡಿಯಲ್ಲಿ ನೆಟ್ಟಗೆ ಕಾಣಲೆಂದು 'ಟರ್ಬೋ' ಎಂಬ ಅಕ್ಷರಗಳನ್ನು ಮೂತಿಯ ಮೇಲೆ ತಿರುಗುಮುರುಗಾಗಿ ಬರೆಸಲಾಗಿತ್ತು. ದಾರಿ ಬಿಡು ಎಂದು ಗದರಿಸುವ ಈ ಬರವಣಿಗೆಗೆ ಜನರಿಂದ ಟೀಕೆ ಬಂತು. ಮರುತಿಂಗಳೇ ತೈಲದ ಬಿಕ್ಕಟ್ಟು ಬಂದೆರಗಿತು. ಒಟ್ಟು ೧,೬೭೨ ಕಾರುಗಳಾಗುವಷ್ಟರಲ್ಲಿ ಕಥೆ ಮುಗಿಯಿತು. ಆ ಕಾರಿನಲ್ಲಿ ಎಂಜಿನ್ನು ಸಿಡಿಯದಿರಲೆಂದು ಸಿಲಿಂಡರಿನೊಳಗೆ ಗಾಳಿಯನ್ನು ಒತ್ತುವ ಪ್ರಮಾಣವನ್ನೇ ೬.೯ಕ್ಕೆ ಇಳಿಸಿದ್ದರು. ಇದರಿಂದ ತಿದಿ ಏಳುವ ಮುನ್ನ ಎಂಜಿನ್ನು ಮಂಕಾಗಿಯೂ, ಎದ್ದ ಮೇಲೆ ಉಗ್ರವಾಗಿಯೂ ವರ್ತಿಸುತ್ತಿತ್ತು.

ಸ್ಟುಟ್‌ಗಾರ್ಟಿನ ಪೋರ್ಶೆ ಕಂಪೆನಿಯ ೯೧೧ ಟರ್ಬೋ ೧೯೭೪ರ ಪ್ಯಾರಿಸ್ ಪ್ರದರ್ಶನಕ್ಕೆ ಬಂತು. ೩ ಲೀಟರಿನ ಎಂಜಿನ್ನು, ೨೬೦ ಅಶ್ವಶಕ್ತಿ. ಆ ಕಾರುಗಳ ಪೈಕಿ ಮೊಟ್ಟಮೊದಲನೆಯದನ್ನು ಸಂಸ್ಥಾಪಕನ ಮಗಳು ಲೂಯಿಸ್ ಪೀಯೆಖ್ ಅವರಿಗೆ ಎಪ್ಪತ್ತನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟರಂತೆ. ಈ ಮಾತನ್ನು ನಾನು ನನ್ನ ತಂಗಿಗೆ ಹೇಳಿದಾಗ ಅವಳು ನಕ್ಕ ನಗೆಯಲ್ಲಿ ಕಪ್ಪುಕಾಡಿನ ನೆನಪಿತ್ತು. ಈ ಕಾರಿನ ಚಕ್ರ ದೊಡ್ಡದು. ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ. ತಿರುವಿನ ನಡುವೆ ಕಾಲೊತ್ತಿದವನಿಗೆ ತಿರುವು ಮುಗಿಯುವ ಮುನ್ನವೇ ಒಮ್ಮೆಗೆ ಬಲ ಬಂದಿಳಿಯುತ್ತಿತ್ತು. ಹೆದರಿ ಕಾಲು ತೆಗೆದರೆ ಕಾರಿನ ಹಿಂಭಾಗ ಮುಂದಕ್ಕೆ ತಿರುಗಿ ಬರುತ್ತಿತ್ತು. ಹೆಂಡಿರನ್ನು ವಿಧವೆಯರನ್ನಾಗಿಸುವ ಕಾರು ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬಂದುದಲ್ಲ. ನುರಿತವರು ಬಲ ಬರುವ ಗಳಿಗೆಯನ್ನು ಮುಂಚಿತವಾಗಿ ಎಣಿಸಿ, ಬೇಕಾಗುವುದಕ್ಕೆ ಮೊದಲೇ ಕಾಲೊತ್ತುವುದನ್ನು ಕಲಿತರು. ಯಂತ್ರದ ದೋಷಕ್ಕೆ ಮನುಷ್ಯ ಹೊಂದಿಕೊಂಡ. ಯಂತ್ರ ಮನುಷ್ಯನಿಗೆ ಹೊಂದಿಕೊಳ್ಳಲಿಲ್ಲ.

ಹೊಂದಿಸಿದ ಕೀರ್ತಿ ನನ್ನ ಮಟ್ಟಿಗೆ ಸ್ವೀಡನ್ನಿನ ಸಾಬ್ ಕಂಪೆನಿಗೆ ಸಲ್ಲಬೇಕು. ಅಲ್ಲಿ ಪೆರ್ ಗಿಲ್‌ಬ್ರಾಂಡ್ ಎಂಬ ಎಂಜಿನಿಯರನಿದ್ದ. ಅವನೂ ಅವನ ಸಂಗಡಿಗರೂ ಹಾಕಿಕೊಂಡ ಪ್ರಶ್ನೆಯೇ ಬೇರೆ ಬಗೆಯದು. ಈ ಎಂಜಿನ್ನಿನಿಂದ ಅತಿ ಹೆಚ್ಚೆಂದರೆ ಎಷ್ಟು ಬಲ ಹಿಂಡಬಹುದು ಎಂದು ಅವರು ಕೇಳಲಿಲ್ಲ. ದಿನವೂ ಕಾರು ನಡೆಸುವವನಿಗೆ ಬಲ ಬೇಕಾಗುವುದು ಎಂಜಿನ್ನಿನ ಯಾವ ವೇಗದಲ್ಲಿ ಎಂದು ಕೇಳಿದರು. ಉತ್ತರ ಮಧ್ಯಮ ವೇಗದಲ್ಲಿ ಎಂದು ಬಂತು. ಅದಕ್ಕೆ ತಕ್ಕಂತೆ ಚಿಕ್ಕ ಟರ್ಬೋ ಒಂದನ್ನು ಆರಿಸಿದರು. ಚಿಕ್ಕ ಚಕ್ರ ಬೇಗನೆ ಎದ್ದು, ವೇಗ ಏರಿದಾಗ ಅತಿಯಾಗಿ ಒತ್ತೀತೆಂದು, ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕದ ದಾರಿಯಿಂದ ಹೊರಬಿಡುವ ಬಾಗಿಲೊಂದನ್ನು ಇಟ್ಟರು. ಕೆರೆ ತುಂಬಿದಾಗ ಕೋಡಿಯಲ್ಲಿ ನೀರು ಹೊರಕ್ಕೆ ಹೋಗುವುದಿಲ್ಲವೆ, ಹಾಗೆ. ಇಂಥ ಬಾಗಿಲು ಅವರ ಹೊಸ ಕಲ್ಪನೆಯೇನೂ ಅಲ್ಲ, ವಿಮಾನಗಳಲ್ಲಿ ಇದ್ದದ್ದೇ. ಆದರೆ ಅದನ್ನು ನಂಬಿ ಚಿಕ್ಕ ಚಕ್ರವನ್ನು ಆರಿಸುವ ಧೈರ್ಯ ಅವರದು. ೧೯೭೭ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಾಣಿಸಿಕೊಂಡ ಸಾಬ್ ೯೯ ಟರ್ಬೋವಿನ ಬಲ ೧೪೫ ಅಶ್ವಶಕ್ತಿ ಮಾತ್ರ. ಪೋರ್ಶೆಯ ಮುಂದೆ ಅದೊಂದು ಅಂಕೆಯೇ ಅಲ್ಲ. ಆದರೆ ಎಂಜಿನ್ನಿನ ತಿರುಚುಬಲ ನಿಮಿಷಕ್ಕೆ ೩,೦೦೦ ಸುತ್ತಿನಲ್ಲಿಯೇ ತುದಿ ಮುಟ್ಟುತ್ತಿತ್ತು. ಲಾರಿಯನ್ನು ದಾಟುವವನಿಗೆ ಬೇಕಾದುದು ಅದು. ಇಂದು ರಸ್ತೆಯಲ್ಲಿ ಓಡುವ ಟರ್ಬೋ ಕಾರುಗಳೆಲ್ಲ, ನಮ್ಮ ಊರಿನ ಸಣ್ಣ ಕಾರುಗಳೂ ಸೇರಿ, ಈ ಆಯ್ಕೆಯ ವಂಶದವು. ಸಾಬ್ ೨೦೧೧ರಲ್ಲಿ ದಿವಾಳಿಯಾಯಿತು. ಅದು ಬೇರೆಯ ಕಥೆ.

ಪಂದ್ಯದ ಕಾರುಗಳಿಗಾದರೂ ದೊಡ್ಡದೇ ಮೇಲಲ್ಲವೆ ಎಂದು ನಾನು ಹುಡುಗನನ್ನು ಕೇಳಿದೆ. ಅವನು ರೆನೋ ಕಂಪೆನಿಯ ಕಥೆಯನ್ನು ಹೇಳಿದ. ಫಾರ್ಮುಲಾ ಒಂದರ ನಿಯಮದಲ್ಲಿ ೧೯೬೬ರಿಂದಲೇ, ತಿದಿಯಿಲ್ಲದ ಎಂಜಿನ್ನು ೩ ಲೀಟರು, ತಿದಿಯಿರುವುದು ೧.೫ ಲೀಟರು ಎಂದಿತ್ತು. ಅರ್ಧ ಗಾತ್ರದಲ್ಲಿ ಯಾರು ಸೆಣಸುತ್ತಾರೆಂದು ಹನ್ನೊಂದು ವರ್ಷ ಯಾರೂ ಆ ಗೊಡವೆಗೆ ಹೋಗಲಿಲ್ಲ. ೧೯೭೭ರ ಜುಲೈಯಲ್ಲಿ ಸಿಲ್ವರ್‌ಸ್ಟೋನಿನಲ್ಲಿ ರೆನೋ ಇಳಿಯಿತು. ಎಂಜಿನ್ನು ಕೆಟ್ಟು ಮೇಲಿಂದ ಮೇಲೆ ಹೊಗೆ ಕಾರುತ್ತಿದ್ದ ಆ ಹಳದಿ ಕಾರನ್ನು ಇಂಗ್ಲಿಷರು ಹಳದಿ ಟೀಪಾತ್ರೆ ಎಂದು ಗೇಲಿ ಮಾಡಿದರು. ಆದರೆ ೧೯೭೯ರ ಮೊದಲಲ್ಲಿ ದಕ್ಷಿಣ ಆಫ್ರಿಕದ ಕ್ಯಾಲಾಮಿಯಲ್ಲಿ ಅದೇ ಕಂಪೆನಿಯ ಜಾಬೂಯಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟ. ಏಕೆಂದು ಊಹಿಸಬಲ್ಲಿರಾ? ಆ ಊರು ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿದೆ. ಉಳಿದವರ ಎಂಜಿನ್ನುಗಳು ಏದುಸಿರು ಬಿಡುತ್ತಿದ್ದ ಕಡೆ ತಿದಿಯಿದ್ದವನದೇ ಮೇಲುಗೈ. ಪೈಕ್ಸ್ ಪೀಕ್ ಶಿಖರದ ಮೇಲೆ ಮಾಸ್ ತೋರಿಸಿದ ಲೆಕ್ಕವೇ ಅಲ್ಲಿ ಮತ್ತೆ ಫಲಿಸಿತ್ತು. ಆ ಬೇಸಗೆಗೆ ರೆನೋದವರು ಒಂದು ದೊಡ್ಡ ಟರ್ಬೋವನ್ನು ತೆಗೆದು, ಎಂಜಿನ್ನಿನ ಎರಡು ಬದಿಗೂ ಒಂದೊಂದರಂತೆ ಎರಡು ಚಿಕ್ಕವನ್ನು ಹಾಕಿದರು. ಜುಲೈ ಒಂದರಂದು ಡಿಜೋನಿನಲ್ಲಿ ಜಾಬೂಯಿ ಗೆದ್ದ. ಟರ್ಬೋ ಎಂಜಿನ್ನಿಗೆ ಫಾರ್ಮುಲಾ ಒಂದರಲ್ಲಿ ಅದೇ ಮೊದಲ ಗೆಲವು. ಮುಂದಿನ ವರ್ಷಗಳಲ್ಲಿ ಬಲ ಎಲ್ಲೆ ಮೀರಿ ಬೆಳೆದು, ೧೯೮೯ರಿಂದ ಅವುಗಳನ್ನು ನಿಷೇಧಿಸಬೇಕಾಯಿತು. ೨೦೧೪ರಲ್ಲಿ ಮತ್ತೆ ಬಂದವು.

ಚಿಕ್ಕದಕ್ಕೂ ದೊಡ್ಡದಕ್ಕೂ ಇರುವ ಅ೦ತರ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಎಂಬುದನ್ನು ಹುಡುಗ ಒಂದು ಲೆಕ್ಕದಿಂದ ತೋರಿಸಿದ. ಒಂದೇ ಆಕಾರದ, ಒಂದೇ ಲೋಹದ ಎರಡು ಚಕ್ರಗಳಲ್ಲಿ ಒಂದರ ವ್ಯಾಸ ನೂರಕ್ಕೆ ಹತ್ತರಷ್ಟು ಹೆಚ್ಚಾದರೆ, ಅದನ್ನು ತಿರುಗಿಸಲು ಎದುರಾಗುವ ಜಡತೆ ನೂರಕ್ಕೆ ಹತ್ತರಷ್ಟಲ್ಲ, ಅರವತ್ತರಷ್ಟು ಹೆಚ್ಚುತ್ತದೆ. ಜಡತೆ ವ್ಯಾಸದ ಐದನೆಯ ಘಾತದಂತೆ ಬೆಳೆಯುತ್ತದೆಯಂತೆ. ಗಣಿತದಲ್ಲಿ ನಾನು ಎಂದೂ ಮುಂದಿದ್ದವನಲ್ಲ. ಆದರೂ ಈ ಅಂಕೆ ನನ್ನನ್ನು ಬಡಿದೆಬ್ಬಿಸಿತು. ಅಷ್ಟಲ್ಲದೆ, ಎಂಜಿನ್ನು ನುಂಗಬಲ್ಲಷ್ಟಕ್ಕಿಂತ ಹೆಚ್ಚು ಗಾಳಿಯನ್ನು ದೊಡ್ಡ ಚಕ್ರ ಒತ್ತಿದರೆ ಆ ಗಾಳಿ ಹಿಮ್ಮೆಟ್ಟಿ ಚಕ್ರವನ್ನೇ ನಡುಗಿಸುತ್ತದೆ. ಚಿಕ್ಕ ಚಕ್ರವನ್ನು ಅದರ ಶಕ್ತಿ ಮೀರಿ ದುಡಿಸಿದರೆ ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದೇ ಹೆಚ್ಚಾಗಿ, ಹೊಗೆ ಹೊರಹೋಗಲಾರದೆ ಎಂಜಿನ್ನಿನ ಕತ್ತು ಹಿಸುಕಿದಂತಾಗುತ್ತದೆ. ತಯಾರಕರು ಪ್ರತಿಯೊಂದು ಟರ್ಬೋವಿಗೂ ಇದರ ನಕ್ಷೆ ಬರೆದಿರುತ್ತಾರೆ. ಆ ನಕ್ಷೆಯ ಎಡದಂಚು ಹಿಮ್ಮೆಟ್ಟುವಿಕೆ, ಬಲದಂಚು ಉಸಿರುಗಟ್ಟುವಿಕೆ. ನಡುವಿನ ಬಯಲಿನಲ್ಲಿ ನಮ್ಮ ಎಂಜಿನ್ನಿನ ನಡಿಗೆ ಬೀಳುವಂತೆ ಆರಿಸಬೇಕು.

ಇನ್ನು ಆ ಮೂರು ಕಾಗದಗಳು. ಮೊದಲನೆಯದರಲ್ಲಿ ಕಾರಿನ ಜೊತೆಗೆ ಬಂದ ಐಎಸ್ ೨೦ ಎಂಬ ಟರ್ಬೋವನ್ನೇ ಉಳಿಸಿಕೊಂಡು, ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಮಾತ್ರ ದೊಡ್ಡದಾಗಿಸುವುದು. ಈ ಎಂಜಿನ್ನು ೨೨೦ ಅಶ್ವಶಕ್ತಿಯದು. ಪೂರ್ತಿ ತಿರುಚುಬಲ ೧,೫೦೦ ಸುತ್ತಿಗೇ ಕೈಗೆ ಬರುತ್ತದೆ. ಎರಡನೆಯದು ಐಎಸ್ ೩೮. ಅದೇ ಮನೆಯ ಹಿರಿಯಣ್ಣನಾದ ಗಾಲ್ಫ್ ಆರ್ ಕಾರಿನಲ್ಲಿ ಇರುವುದು. ಅಲ್ಲಿ ೩೦೦ ಅಶ್ವಶಕ್ತಿ, ತಿರುಚುಬಲ ೧,೮೦೦ ಸುತ್ತಿಗೆ. ಮೂರನೆಯದು ಖಾಸಗಿ ಕಾರ್ಯಾಗಾರವೊಂದು ಕೂಡಿಸಿಕೊಡುವ ಇನ್ನೂ ದೊಡ್ಡದು. ಕಪ್ಪುಕಾಡಿನಲ್ಲಿ ನಮ್ಮನ್ನು ಕಾಯಿಸಿದ ಜಾತಿಯದು. ಹುಡುಗನ ಕಣ್ಣು ಮೊದಲಿನಿಂದಲೂ ಮೂರನೆಯದರ ಮೇಲಿತ್ತೆಂದು ನನಗೆ ಗೊತ್ತಾಗಿತ್ತು. ಅದರ ಕಾಗದದ ಅಂಚು ಮಾತ್ರ ಮುದುಡಿತ್ತು.

ನಾನು ಅವನಿಗೆ ಉಪದೇಶ ಮಾಡಲಿಲ್ಲ. ಗಿಲ್‌ಬ್ರಾಂಡನ ಪ್ರಶ್ನೆಯನ್ನೇ ಕೇಳಿದೆ: "ನಿನಗೆ ಬಲ ಬೇಕಾಗುವುದು ಯಾವಾಗಪ್ಪ?" ಅವನು ಉತ್ತರ ಹೇಳಲಿಲ್ಲ. ಕಾರಿನ ಗಣಕಕ್ಕೆ ಏನೋ ಒಂದು ಉಪಕರಣ ಸಿಕ್ಕಿಸಿ, ಎರಡು ವಾರ ಕಚೇರಿಗೆ ಹೋಗಿಬರುವಾಗಲೆಲ್ಲ ಎಂಜಿನ್ನು ಯಾವ ಯಾವ ವೇಗದಲ್ಲಿ ಎಷ್ಟು ಹೊತ್ತು ಓಡಿತೆಂದು ದಾಖಲಿಸಿದ. ದೊಡ್ಡ ಟರ್ಬೋ ತನ್ನ ಪ್ರತಾಪ ತೋರುವುದು ೫,೦೦೦ ಸುತ್ತಿನ ಮೇಲೆ. ಎರಡು ವಾರದಲ್ಲಿ ಅವನ ಎಂಜಿನ್ನು ಆ ಎಲ್ಲೆಯ ಮೇಲೆ ಇದ್ದದ್ದು ಕೆಲವೇ ನಿಮಿಷ. ಆ ಪಟ್ಟಿಯನ್ನು ಅವನು ನನಗೆ ತೋರಿಸಿದಾಗ ಅವನ ಮುಖದಲ್ಲಿ ಕಂಡದ್ದು ಪರೀಕ್ಷೆಯ ಫಲಿತಾಂಶದ ದಿನ ನನ್ನ ವಿದ್ಯಾರ್ಥಿಗಳ ಮುಖದಲ್ಲಿ ಕಾಣುತ್ತಿದ್ದಂಥ ಒಂದು ಭಾವ.

ಮೂರನೆಯ ಕಾಗದ ಹರಿದು ಕಸದ ಬುಟ್ಟಿ ಸೇರಿತು. ಎರಡನೆಯದರ ಆಸೆ ಮಾತ್ರ ಬಿಡಲಿಲ್ಲ. ತಿಂಗಳಿಗೊಮ್ಮೆ ಭಾನುವಾರ ಪಂದ್ಯದ ಬಯಲಿಗೆ ಹೋಗುತ್ತಾನಂತೆ, ಅಲ್ಲಿ ಬೇಕಂತೆ. ಅದರಲ್ಲಿಯೂ ತೊಡಕುಗಳಿವೆ. ಚಕ್ರ ಅದೇ ಜಾಗದಲ್ಲಿ ಬಹುಮಟ್ಟಿಗೆ ಹಾಗೆಯೇ ಕೂಡುತ್ತದೆ; ಆದರೆ ಹಿರಿಯಣ್ಣನ ಎಂಜಿನ್ನಿನ ಒಳಗಿನ ಭಾಗಗಳೂ ಕೆಲವು ಬೇರೆ. ಹೆಚ್ಚಿದ ಬಲಕ್ಕೆ ಕ್ಲಚ್ಚು ಜಾರತೊಡಗಬಹುದು, ಇಂಟರ್‌ಕೂಲರ್ ಬದಲಿಸಬೇಕು, ಇಂಧನದ ಲೆಕ್ಕವನ್ನು ಗಣಕದಲ್ಲಿ ಹೊಸದಾಗಿ ಬರೆಸಬೇಕು. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನು ತಪಾಸಣೆಗೆ ಒಪ್ಪಿಸಿ, ಒಪ್ಪಿಗೆ ಪಡೆದು, ವಾಹನದ ಕಾಗದಪತ್ರದಲ್ಲಿ ನಮೂದಿಸದಿದ್ದರೆ ಕಾರನ್ನು ರಸ್ತೆಗಿಳಿಸುವ ಹಕ್ಕೇ ಹೋಗುತ್ತದೆ. ಇದನ್ನೆಲ್ಲ ಕೂಡಿಸಿದಾಗ ಎರಡು ತಿಂಗಳ ಸಂಬಳ ಮೂರಾಯಿತು.

ನಾವು ಊರಿಗೆ ಬಂದ ಮೇಲೆ, ದೀಪಾವಳಿಯ ಹಿಂದಿನ ದಿನ ಅವನಿಂದ ಫೋನು ಬಂತು. ಈ ವರ್ಷ ಇಂಟರ್‌ಕೂಲರೂ ಕ್ಲಚ್ಚೂ. ಬರುವ ವರ್ಷ ಹಣ ಕೂಡಿದರೆ ಎರಡನೆಯ ಕಾಗದ. ಅಲ್ಲಿಯವರೆಗೆ ಚಿಕ್ಕದೇ ಇರಲಿ ಎಂದು ತೀರ್ಮಾನಿಸಿದ್ದಾನೆ. "ನಿಮ್ಮ ಸ್ವೀಡನ್ನಿನವನ ಮಾತು ಕೇಳಿದೆ ಮಾವ" ಎಂದ. ನನ್ನ ಪಕ್ಕದಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ತಂಗಿ, "ಆ ದಿಮ್ಮಿ ಲಾರಿ ದಾಟಿದ ಕಾರು ಯಾರದು, ಅವನಿಗೂ ಹೇಳು ಅನ್ನಿ" ಎಂದಳು.